ಆರನೇ ಕಂಬದ ಎರಡು ಗ್ರಾಫುಗಳು

ಪರೀಕ್ಷಾ ಪ್ರಯೋಗಾಲಯಗಳ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಕಿರಿಯ ಸಹೋದ್ಯೋಗಿಗಳಿಗೆ.

ವಿಷಯ: ಗ್ರಾಫ್ ಬರೆಯುವ ತಂತ್ರಾಂಶವು ಸ್ಕ್ರಿಪ್ಟಿನಲ್ಲಿ ಒಂದು ರೀತಿ, ಕೈಯಿಂದ ಆದೇಶ ಕೊಟ್ಟಾಗ ಇನ್ನೊಂದು ರೀತಿ ವರ್ತಿಸಿದ್ದು ಹಾಗೂ ಅದರಿಂದ ಸಹೋದ್ಯೋಗಿಯೊಬ್ಬರ ನೌಕರಿಗೆ ಒದಗಿದ ತೊಂದರೆಯ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ನಿವೇದಿಸಿಕೊಳ್ಳುವುದೇನೆಂದರೆ, ನಾನು ಇಂದಿನವರೆಗೆ ಪತ್ರ ಮತ್ತು ವರದಿಗಳನ್ನು ಬಿಟ್ಟು ಬೇರೆ ಏನನ್ನೂ ಬರೆದವನಲ್ಲ. ಈ ಬರಹವನ್ನು ಹೇಗೆ ಆರಂಭಿಸಬೇಕೆಂದು ತಿಳಿಯದೆ ಮೂರು ಸಲ ಹಾಳೆ ಬದಲಾಯಿಸಿ, ಕೊನೆಗೆ ನನಗೆ ಗೊತ್ತಿರುವ ಕ್ರಮದಲ್ಲೇ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಚನ್ನರಾಯಪಟ್ಟಣದ ಕಡೆಯವನಾದ ನಾನು ಚೆನ್ನೈನ ಗಿಂಡಿ ಕೈಗಾರಿಕಾ ವಸಾಹತಿನಲ್ಲಿದ್ದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಕಟ್ಟಡ, ಸೇತುವೆ, ನೀರಿನ ಟ್ಯಾಂಕುಗಳು ಭಾರಕ್ಕೆ ಎಷ್ಟು ಬಾಗುತ್ತವೆ, ಎಷ್ಟು ಇಳಿಯುತ್ತವೆ ಎಂದು ಅಳೆದು ವರದಿ ಕೊಡುವುದು ನಮ್ಮ ಕೆಲಸ. ನನ್ನ ಬಡ್ತಿಗಳ ವಿವರದಿಂದ ತಮಗೆ ಪ್ರಯೋಜನವಿಲ್ಲವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. ನನ್ನ ತಪ್ಪುಗಳಿಂದ ಪ್ರಯೋಜನವಾಗಬಹುದು.

ತೊಂಬತ್ತರ ದಶಕದ ಕೊನೆಯವರೆಗೆ ನಮ್ಮಲ್ಲಿ ಗ್ರಾಫುಗಳನ್ನು ಬರೆಯಲು ಪೆನ್ನು ಹಿಡಿದು ಓಡಾಡುವ ಒಂದು ಪ್ಲಾಟರ್ ಯಂತ್ರವಿತ್ತು. ಅದರ ಪೆನ್ನು ಒಣಗಿದ್ದರೂ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಒಮ್ಮೆ ನಾನು ಆದೇಶ ಕೊಟ್ಟು ಊಟಕ್ಕೆ ಹೋಗಿ ಬಂದು ನೋಡಿದರೆ, ಯಂತ್ರವು ಹನ್ನೆರಡು ಹಾಳೆಗಳ ಮೇಲೆ ಒಂದು ಹನಿ ಶಾಯಿಯಿಲ್ಲದೆ ಅತ್ಯಂತ ಶ್ರದ್ಧೆಯಿಂದ ಗ್ರಾಫ್ ಬರೆದು ಮುಗಿಸಿತ್ತು. ನಮ್ಮ ಮೇಲಧಿಕಾರಿಗಳಾದ ಗುರುರಾಜ ರಾಯರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಏನಯ್ಯಾ ಮೂರ್ತಿ, ನಿನ್ನ ಯಂತ್ರಕ್ಕೆ ಇವತ್ತು ಮೌನವ್ರತವಾ?" ಎಂದರು.

ರಾಯರ ಬಗ್ಗೆ ಇಲ್ಲಿ ಒಂದು ಮಾತು ಅವಶ್ಯಕ. ಅವರ ಮನೆತನ ಮೂರು ತಲೆಮಾರಿನಿಂದ ಚೆನ್ನೈನಲ್ಲಿದ್ದು, ಅವರ ಕನ್ನಡದಲ್ಲಿ ತಮಿಳು ಧಾರಾಳವಾಗಿ ಬೆರೆತಿತ್ತು. ಕೆಲಸದಲ್ಲಿ ಅತ್ಯಂತ ಪ್ರಾಮಾಣಿಕರು. ನಾನು ಸೇರುವ ಮೊದಲು ಅಲ್ಲಿದ್ದ ನೌಕರನೊಬ್ಬ ಗ್ರಾಹಕರ ಮಾತಿಗೆ ಕಟ್ಟುಬಿದ್ದು ಒಂದು ಗ್ರಾಫಿನ ಏರಿಳಿತವನ್ನು ಕೈಯಿಂದ ತಿದ್ದಿ ನಯಮಾಡಿದ್ದನಂತೆ. ವಿಷಯ ಹೊರಬಿದ್ದಾಗ ರಾಯರು ಗ್ರಾಹಕರ ಕಚೇರಿಯಲ್ಲಿ ಎದ್ದು ನಿಂತು ಕ್ಷಮೆ ಕೇಳಬೇಕಾಯಿತು. ಆ ಅವಮಾನವನ್ನು ಅವರು ಮರೆಯಲಿಲ್ಲ.

ಆದ್ದರಿಂದ, ಗ್ರಾಫ್ ಬರೆಯುವ ತಂತ್ರಾಂಶ ನಮ್ಮಲ್ಲಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ರಾಯರೇ. ಅದರಲ್ಲಿ ಎರಡು ದಾರಿಗಳಿದ್ದವು. ಒಂದು, ಪರದೆಯ ಮುಂದೆ ಕುಳಿತು ಒಂದೊಂದೇ ಆದೇಶವನ್ನು ಟೈಪ್ ಮಾಡಿ, ಚಿತ್ರ ಬದಲಾಗುವುದನ್ನು ನೋಡುತ್ತಾ ಹೋಗುವುದು. ಇನ್ನೊಂದು, ಅದೇ ಆದೇಶಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟು ಒಟ್ಟಿಗೆ ಓಡಿಸುವುದು. ಇದಕ್ಕೆ ಸ್ಕ್ರಿಪ್ಟ್ ಎನ್ನುತ್ತಿದ್ದೆವು. ನಮ್ಮ ಪ್ರಯೋಗಾಲಯದ ಸ್ಕ್ರಿಪ್ಟನ್ನು ಬರೆದವನು ನಾನು. ಅದನ್ನು ಓಡಿಸಿದರೆ ಮೂವತ್ತು ಗ್ರಾಫುಗಳು ತಾವಾಗಿ ಮುದ್ರಣವಾಗುತ್ತಿದ್ದವು. ರಾಯರು ಇದಕ್ಕೆಂದೇ ಒಂದು ರಬ್ಬರ್ ಸೀಲ್ ಮಾಡಿಸಿದರು. 'ಕೈ ಸೋಕದೆ ಯಂತ್ರದಿಂದಲೇ ಮುದ್ರಿತವಾದುದು' ಎಂಬುದು ಅದರ ಮೇಲಿದ್ದ ಇಂಗ್ಲಿಷ್ ಸಾಲಿನ ಅರ್ಥ. ಸ್ಕ್ರಿಪ್ಟಿನಿಂದ ಬಂದ ಗ್ರಾಫಿಗೆ ಮಾತ್ರ ಆ ಸೀಲ್ ಬೀಳುತ್ತಿತ್ತು. ಆದೇಶ ಟೈಪ್ ಮಾಡಿ ತೆಗೆದ ಗ್ರಾಫುಗಳು ವರದಿಗೆ ಸೇರುವಂತಿರಲಿಲ್ಲ. ನಾವು ನೌಕರರು ತಮಾಷೆಗೆ ಮೊದಲನೆಯದನ್ನು ಮಡಿ ಗ್ರಾಫ್ ಎಂದೂ ಎರಡನೆಯದನ್ನು ಮೈಲಿಗೆ ಗ್ರಾಫ್ ಎಂದೂ ಕರೆಯುತ್ತಿದ್ದೆವು. ಕೆಲವು ತಿಂಗಳಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ.

ಎರಡೂ ದಾರಿಗಳು ಒಂದೇ ಅಲ್ಲವೆಂಬ ಎಚ್ಚರಿಕೆ ನನಗೆ ಮೊದಲ ವರ್ಷವೇ ದೊರೆತಿತ್ತು. ಪರದೆಯ ಹಿನ್ನೆಲೆ ಕಪ್ಪು, ಅದರ ಮೇಲೆ ಗೆರೆ ಬಿಳಿ. ಕೈಯಿಂದ ಆದೇಶ ಕೊಟ್ಟು ಮುದ್ರಿಸಿದರೆ ತಂತ್ರಾಂಶವು ತಾನೇ ತಿಳಿದು ಗೆರೆಯನ್ನು ಕಪ್ಪು ಮಾಡುತ್ತಿತ್ತು. ಸ್ಕ್ರಿಪ್ಟಿನಲ್ಲಿ ಮಾತ್ರ ಬಿಳಿ ಹಾಳೆಯ ಮೇಲೆ ಬಿಳಿ ಗೆರೆಯನ್ನೇ ಬರೆಯುತ್ತಿತ್ತು. ಅಂತಹ ಒಂದು ವರದಿ ನಮ್ಮ ಕಣ್ಣು ತಪ್ಪಿ ಹೊರಗೆ ಹೋಯಿತು. ಮಾರನೆಯ ದಿನ ರಾಯರು ನನ್ನ ಮೇಜಿನ ಬಳಿ ಬಂದರು.

"ಪಾರ್ಟಿ ಫೋನ್ ಮಾಡಿದ್ರು ಮೂರ್ತಿ. ಚೌಕಟ್ಟು ರೊಂಬ ಚೆನ್ನಾಗಿದೆಯಂತೆ. ಒಳಗೆ ಹಾಕಕ್ಕೆ ಅವರ ಮಕ್ಕಳ ಫೋಟೋ ಕಳಿಸ್ತಾರಂತೆ, ಬೇಕಾ ಅಂತ ಕೇಳಿದ್ರು."

ನಾನು ಸ್ಕ್ರಿಪ್ಟಿನಲ್ಲಿ ಬಣ್ಣದ ಆದೇಶವೊಂದನ್ನು ಸೇರಿಸಿ ಸರಿಪಡಿಸಿದೆ. ಒಂದೇ ಆದೇಶಕ್ಕೆ ಎರಡು ಫಲ ಬರುವುದು ಬಣ್ಣದಲ್ಲಿ ಸಾಧ್ಯವಾದರೆ ಬೇರೆ ಯಾವುದರಲ್ಲಿ ಸಾಧ್ಯ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಈ ಅಂಶವನ್ನು ತಾವು ದಯವಿಟ್ಟು ಗುರುತು ಹಾಕಿಕೊಳ್ಳಬೇಕು.

ಇದಾದ ಮೂರು ವರ್ಷಗಳ ನಂತರ ಮಾಧವರಂನ ಒಂದು ಹೊಸ ಕಾಲೋನಿಯ ಓವರ್‌ಹೆಡ್ ಟ್ಯಾಂಕಿನ ಪರೀಕ್ಷೆ ನಮಗೆ ಬಂದಿತು. ಎಂಟು ಕಂಬಗಳ ಮೇಲೆ ನಿಂತ ಟ್ಯಾಂಕು. ಅದರ ನೆರಳು ಬೀಳುವಷ್ಟು ಹತ್ತಿರದಲ್ಲಿ ಎರಡು ಸಾಲು ಮನೆಗಳು, ಜನ ಆಗಲೇ ವಾಸಕ್ಕೆ ಬಂದಿದ್ದರು. ಇಂತಹ ಟ್ಯಾಂಕನ್ನು ಒಮ್ಮೆಲೇ ತುಂಬುವುದಿಲ್ಲ. ಕಾಲು ಭಾಗ, ಅರ್ಧ ಭಾಗ, ಮುಕ್ಕಾಲು ಭಾಗ ಎಂದು ನಿಲ್ಲಿಸಿ ನಿಲ್ಲಿಸಿ ತುಂಬುತ್ತಾ, ಪ್ರತಿ ಕಂಬದ ಬುಡವು ನೆಲಕ್ಕೆ ಎಷ್ಟು ಇಳಿಯಿತೆಂದು ಮತ್ತೆ ಮತ್ತೆ ಅಳೆಯಬೇಕು. ಸ್ವಲ್ಪ ಇಳಿದು ನಿಂತರೆ ಕ್ಷೇಮ. ಗ್ರಾಫಿನಲ್ಲಿ ಗೆರೆಯು ಕೆಳಗಿಳಿದು ನಂತರ ಮಟ್ಟಸವಾಗಿ ಸಾಗಿದರೆ ಕಂಬವು ಗಟ್ಟಿಯಾಗಿ ಕೂತಿತೆಂದು ಅರ್ಥ. ಗೆರೆ ಇಳಿಯುತ್ತಲೇ ಇದ್ದರೆ ಮುಂದೆ ಒಂದು ಕೊಡ ನೀರನ್ನೂ ತುಂಬಿಸಬಾರದು.

ಈ ಅಳತೆಯ ಕೆಲಸವನ್ನು ನಿರ್ವಹಿಸಿದವರು ಪ್ರಮೀಳಾ. ಪ್ರಯೋಗಾಲಯಕ್ಕೆ ಸೇರಿ ಒಂದು ವರ್ಷ ಆಗುತ್ತಾ ಬಂದಿದ್ದು, ಅದೇ ತಿಂಗಳ ಕೊನೆಗೆ ಅವರ ಪ್ರೊಬೇಷನ್ ಮುಗಿದು ನೌಕರಿ ಖಾಯಂ ಆಗಬೇಕಿತ್ತು. ಅವರ ತಂದೆ ಕುಂದಾಪುರದ ಕಡೆಯವರು, ಪುರಸೈವಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೇಲ್ವಿಚಾರಕರು. ಮನೆಯಲ್ಲಿ ಕಚೇರಿಯ ಕೆಲಸಕ್ಕೆ ಹೋದ ಮೊದಲನೆಯವರು ಪ್ರಮೀಳಾ. ಓದಿದ್ದೆಲ್ಲ ಚೆನ್ನೈನಲ್ಲಾದ್ದರಿಂದ ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಕನ್ನಡದಲ್ಲಿ, ಅರ್ಧ ತಮಿಳಿನಲ್ಲಿ ಉತ್ತರ ಬರುತ್ತಿತ್ತು.

ಮುಕ್ಕಾಲು ಭಾಗ ತುಂಬಿದ ನಂತರದ ಅಳತೆಗಳನ್ನು ಪ್ರಮೀಳಾ ಕಂಪ್ಯೂಟರಿಗೆ ತುಂಬಿಸಿದರು, ನಾನು ಸ್ಕ್ರಿಪ್ಟ್ ಓಡಿಸಿದೆ, ಎಂಟು ಕಂಬಗಳ ಎಂಟು ಗ್ರಾಫುಗಳು ಬಂದವು. ಎಂಟೂ ಒಂದೇ ಅಳತೆಯ ಚೌಕಟ್ಟಿನಲ್ಲಿದ್ದವು, ಎಂದರೆ ಅಂಚಿನ ಅಂಕಿಗಳು ಎಂಟಕ್ಕೂ ಒಂದೇ. ಹೋಲಿಸಲು ಅನುಕೂಲವಾಗಿದೆಯೆಂದು ರಾಯರು ಮೆಚ್ಚಿದರು. ಆರನೇ ಕಂಬ ಉಳಿದವುಗಳಿಗಿಂತ ಹೆಚ್ಚು ಇಳಿದಿತ್ತು. ಆದರೆ ಕೆಳಗಿನ ಅಂಚಿಗೆ ಬಂದು ಮಟ್ಟಸವಾಗಿ ನಿಂತಿತ್ತು. ಎಲ್ಲ ಹಾಳೆಗಳಿಗೂ ಸೀಲ್ ಬಿದ್ದಿತು. ಶನಿವಾರ ಬೆಳಿಗ್ಗೆ ಟ್ಯಾಂಕನ್ನು ಪೂರ್ತಿ ತುಂಬಿಸಬಹುದೆಂದು ವರದಿ ಸಿದ್ಧವಾಯಿತು.

ಗುರುವಾರ ಪ್ರಮೀಳಾ ಒಂದು ಹಾಳೆ ಹಿಡಿದುಕೊಂಡು ರಾಯರ ಕೋಣೆಗೆ ಬಂದರು. ನಾನು ಅಲ್ಲೇ ಇದ್ದೆ.

"ಸಾರ್, ಆರನೇ ಕಾಲು ನಿಲ್ಲಲಿಲ್ಲ ಸಾರ್. ಇಳೀತಾನೇ ಉಂಟು. ನಾನು ಕಮಾಂಡ್ ಟೈಪ್ ಮಾಡಿ ಪಾರ್ತೆ, ನೋಡಿ." ಅವರ ಹಾಳೆಯಲ್ಲಿ ಆರನೇ ಕಂಬದ ಗೆರೆ ಎಲ್ಲೂ ನಿಲ್ಲದೆ ಕೆಳಗೆ ಇಳಿದಿತ್ತು.

ರಾಯರು ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟರು. "ಒಂದೇ ಡೇಟಾ ತಾನೇ?"

"ಒಂದೇ ಸಾರ್."

"ಕಮಾಂಡು?"

"ಅದೂ ಒಂದೇ."

"ಮತ್ತೆ ಚಿತ್ರ ಎಪ್ಪಡಿ ಎರಡು ಬರತ್ತೆ ಅಮ್ಮಾ? ಇದಕ್ಕೆ ಯಾರೂ ಕೈ ಹಾಕಿಲ್ಲ. ಅದಕ್ಕೆ ನೀನು ಕೈ ಹಾಕಿದ್ದೀಯ. ಟೈಪ್ ಮಾಡುವಾಗ ಯಾವುದೋ ಅಂಕಿ ತಪ್ಪಿದ್ದೀಯ. ಶರಿ, ಆಗತ್ತೆ. ಒಪ್ಪಿಕೋ."

"ಸತ್ಯಮಾ ನಾನು ತಪ್ಪಿಲ್ಲ ಸಾರ್. ಅಳತೆ ನಾನೇ ಓದಿದ್ದು. ಆ ಕಾಲು ಹತ್ತಿರ ನಿಂತ್ರೆ ಭಯ ಆಗ್ತದೆ."

"ಭಯಕ್ಕೆ ಗ್ರಾಫ್ ಬರೆಯಕ್ಕಾಗಲ್ಲ," ಎಂದರು ರಾಯರು. ನಂತರ ನನ್ನ ಕಡೆ ತಿರುಗಿ, "ಮೂರ್ತಿ, ನಿನ್ನ ಸ್ಕ್ರಿಪ್ಟ್ ಮೇಲೆ ಡೌಟ್ ಇದೆಯಾ?" ಎಂದು ಕೇಳಿದರು.

"ಇಲ್ಲ ಸಾರ್," ಎಂದೆ. ಎದ್ದು ಹೋಗಿ ಒಂದು ಸಲ ಪರಿಶೀಲಿಸುವುದಕ್ಕೆ ಹತ್ತು ನಿಮಿಷ ಸಾಕಾಗುತ್ತಿತ್ತು. ನಾಲ್ಕು ವರ್ಷಗಳಿಂದ ನಡೆಯುತ್ತಿದ್ದ ನನ್ನ ಕೆಲಸವನ್ನು ಹೊಸಬರೊಬ್ಬರ ಮಾತಿಗೆ ಪರಿಶೀಲಿಸುವುದು ನನ್ನ ಗೌರವಕ್ಕೆ ಕಡಿಮೆಯೆಂದು ಕಂಡಿತು.

ಒಂದೇ ಅಳತೆಗೆ ಎರಡು ಗ್ರಾಫುಗಳು ಕಚೇರಿಯಲ್ಲಿ ಉಳಿಯುವಂತಿರಲಿಲ್ಲ. ಒಂದು ತಪ್ಪೆಂದು ಲಿಖಿತವಾಗಿ ದಾಖಲಾಗಬೇಕಿತ್ತು. 'ಕೈಯಿಂದ ಗ್ರಾಫ್ ತಯಾರಿಸುವಾಗ ನನ್ನಿಂದ ಅಂಕಿಯೊಂದು ತಪ್ಪಾಗಿ ನಮೂದಾಗಿರುತ್ತದೆ' ಎಂಬ ಹೇಳಿಕೆಯನ್ನು ಪ್ರಮೀಳಾರಿಂದ ಪಡೆಯಲು ರಾಯರು ಆದೇಶಿಸಿದರು. ಕಚೇರಿಯಲ್ಲಿ ಪತ್ರಗಳ ಕರಡು ಬರೆಯುತ್ತಿದ್ದವನು ನಾನಾದ್ದರಿಂದ ಅದನ್ನೂ ನಾನೇ ಬರೆದೆ. ಶುಕ್ರವಾರ ಬೆಳಿಗ್ಗೆ ಅವರ ಮುಂದೆ ಇಟ್ಟೆ.

"ಇದಕ್ಕೆ ಸಹಿ ಹಾಕಿದ್ರೆ ಪ್ರೊಬೇಷನ್ ಏನಾಗ್ತದೆ ಸಾರ್?"

"ಏನೂ ಆಗಲ್ಲಮ್ಮ, ಇದೊಂದು ಫಾರ್ಮಾಲಿಟಿ ಅಷ್ಟೆ. ಸಹಿ ಹಾಕದಿದ್ರೇನೇ ಕಷ್ಟ," ಎಂದೆ. ನಾನು ಸುಳ್ಳು ಹೇಳಿದೆನೆಂದು ಆಗ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಪ್ರಯತ್ನವನ್ನೂ ಮಾಡಿರಲಿಲ್ಲ. ಅವರು ಹಾಳೆಯನ್ನು ಇನ್ನೊಮ್ಮೆ ಓದಿ ಸಹಿ ಹಾಕಿದರು. ಹತ್ತೂವರೆಗೆ ವರದಿ ಕೊರಿಯರಿನಲ್ಲಿ ಮಾಧವರಂಗೆ ಹೋಯಿತು. ಅದೇ ಟಪಾಲಿನಲ್ಲಿ, ಪ್ರಮೀಳಾರ ಪ್ರೊಬೇಷನ್ ಅವಧಿಯನ್ನು ಮೂರು ತಿಂಗಳು ವಿಸ್ತರಿಸಬೇಕೆಂಬ ರಾಯರ ಶಿಫಾರಸು ನಮ್ಮ ಮುಖ್ಯ ಕಚೇರಿಗೆ ಹೋಯಿತು.

ಮಧ್ಯಾಹ್ನ ಪ್ರಮೀಳಾ ನನ್ನ ಮೇಜಿನ ಬಳಿ ಬಂದು, ಕೋಪವಿಲ್ಲದೆ, ಒಂದು ಪ್ರಶ್ನೆ ಕೇಳಿದರು.

"ಸಾರ್, ತಪ್ಪು ಅಂತ ಸಹಿ ಹಾಕಿ ಆಯ್ತು. ಆ ತಪ್ಪು ಅಂಕಿ ಯಾವುದು ತೋರಿಸಿ. ತಿದ್ದಿ ಬಿಡ್ತೇನೆ."

ಯಾವ ಅಂಕಿ ತಪ್ಪೆಂದು ನಾನೂ ನೋಡಿರಲಿಲ್ಲ, ರಾಯರೂ ನೋಡಿರಲಿಲ್ಲ. ಟ್ಯಾಂಕಿನ ಬಳಿ ಪ್ರಮೀಳಾ ಅಳತೆ ಬರೆದುಕೊಂಡಿದ್ದ ಫೀಲ್ಡ್ ಬುಕ್ಕನ್ನು ತೆರೆದು ಒಂದೊಂದೇ ಅಂಕಿ ಓದಿದೆ. ಅವರು ಕಂಪ್ಯೂಟರಿನ ಕಡತದಲ್ಲಿ ತಾಳೆ ನೋಡಿದರು. ಎಲ್ಲವೂ ಸರಿಯಾಗಿದ್ದವು. ಕಡತವನ್ನು ಕೊನೆಯದಾಗಿ ಉಳಿಸಿದ ಸಮಯ ನಮ್ಮ ಮುದ್ರಣಕ್ಕಿಂತ ಮೊದಲಿನದು. ನಂತರ ಅದನ್ನು ಯಾರೂ ತಿದ್ದಿರಲಿಲ್ಲ. ಎಂದರೆ, ಆರನೇ ಕಂಬದ ಕೊನೆಯ ಎರಡು ಅಂಕಿಗಳು ಮಡಿ ಗ್ರಾಫಿನ ಕೆಳ ಅಂಚಿಗಿಂತಲೂ ಕೆಳಗಿನವು. ಆ ಗ್ರಾಫಿನಲ್ಲಿ ಅವು ಎಲ್ಲಿ ಹೋದವು?

"ನಿನ್ನ ಮುಂದೆಯೇ ಮಾಡೋಣಮ್ಮ," ಎಂದು ನನ್ನ ಸ್ಕ್ರಿಪ್ಟಿನ ಸಾಲುಗಳನ್ನು ಒಂದೊಂದಾಗಿ ಕೈಯಿಂದ ಟೈಪ್ ಮಾಡಿದೆ. ಒಂದನೇ ಕಂಬ ಬಂದಿತು. ಎರಡನೆಯದಕ್ಕೆ ಚೌಕಟ್ಟಿನ ಅಳತೆ ತಾನಾಗಿ ಸ್ವಲ್ಪ ಬದಲಾಯಿತು. ಆರನೆಯದಕ್ಕೆ ಚೌಕಟ್ಟು ದೊಡ್ಡದಾಗಿ ಹಿಗ್ಗಿತು, ಗೆರೆ ಕೆಳಗಿನವರೆಗೂ ಇಳಿಯಿತು. ಪ್ರಮೀಳಾರ ಹಾಳೆಯಲ್ಲಿದ್ದದ್ದೇ ಚಿತ್ರ. ನಂತರ ಅದೇ ಸಾಲುಗಳನ್ನು ಸ್ಕ್ರಿಪ್ಟಾಗಿ ಓಡಿಸಿದೆ. ಒಂದನೇ ಕಂಬಕ್ಕೆ ನಿಗದಿಯಾದ ಚೌಕಟ್ಟು ಎಂಟನೆಯದರವರೆಗೂ ಹಾಗೆಯೇ ಉಳಿಯಿತು. ಅದರಿಂದ ಹೊರಗೆ ಬೀಳಬೇಕಾದ ಬಿಂದುಗಳನ್ನು ತಂತ್ರಾಂಶವು ಬಿಟ್ಟುಬಿಟ್ಟಿದ್ದರೆ ಗೆರೆ ತುಂಡಾಗಿ ನಮಗೆ ಅನುಮಾನ ಬರುತ್ತಿತ್ತು. ಅದು ಅವುಗಳನ್ನು ಎಳೆದು ತಂದು ಅಂಚಿನ ಮೇಲೆಯೇ ಕೂರಿಸಿತ್ತು. ನಾವು ಕಂಬ ಗಟ್ಟಿಯಾಗಿ ನಿಂತಿದೆಯೆಂದು ಓದಿದ್ದು ಆ ಅಂಚನ್ನು. ಕೈಯಿಂದ ಆದೇಶ ಕೊಟ್ಟಾಗ ಪ್ರತಿ ಸಲ ಚೌಕಟ್ಟನ್ನು ಹೊಸದಾಗಿ ಲೆಕ್ಕ ಹಾಕುವ ತಂತ್ರಾಂಶ, ಸ್ಕ್ರಿಪ್ಟಿನಲ್ಲಿ ನಾವು ಬಿಡಿಸಿ ಹೇಳದ ಹೊರತು ಹಾಕುತ್ತಿರಲಿಲ್ಲ. ನಾನು ಬಿಡಿಸಿ ಹೇಳಿರಲಿಲ್ಲ.

"ಅಯ್ಯೋ," ಎಂದರು ಪ್ರಮೀಳಾ. ನಂತರ, "ನಾಳೆ ಬೆಳಿಗ್ಗೆ ನೀರು ಬಿಡ್ತಾರಲ್ಲ ಸಾರ್," ಎಂದರು. ತಾವು ಸಹಿ ಹಾಕಿದ ಹಾಳೆಯ ಮಾತನ್ನು ಅವರು ಎತ್ತಲಿಲ್ಲ.

ರಾಯರಿಗೆ ಎರಡೂ ವಿಧಾನಗಳನ್ನು ಪರದೆಯ ಮೇಲೆ ತೋರಿಸಿದೆವು. ಅವರು ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ತೋರಿಸೆಂದರು. ಮೂರನೇ ಸಲ ತೋರಿಸೆನ್ನಲಿಲ್ಲ. ನೇರವಾಗಿ ಕಾಲೋನಿಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿದರು. ಉದ್ಘಾಟನೆಗೆ ಜನರನ್ನು ಕರೆದಾಗಿದೆಯೆಂದು ಅವರು ಆ ಕಡೆಯಿಂದ ಕೂಗುತ್ತಿದ್ದುದು ನಮಗೂ ಕೇಳಿಸುತ್ತಿತ್ತು. ರಾಯರು ತಮಿಳಿನಲ್ಲಿ ಒಂದೇ ಮಾತನ್ನು ಸಮಾಧಾನವಾಗಿ ಮೂರು ಸಲ ಹೇಳಿದರು: ತುಂಬಿಸಬೇಡಿ, ಇರುವ ನೀರನ್ನೂ ನಿಧಾನವಾಗಿ ಇಳಿಸಿ. ಫೋನ್ ಇಟ್ಟಾಗ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಪರಿಷ್ಕೃತ ವರದಿ ಅಂತ ಕಳಿಸು ಮೂರ್ತಿ," ಎಂದರು. "ತಾಂತ್ರಿಕ ಕಾರಣದಿಂದ ಹಿಂದಿನ ವರದಿಯನ್ನು ವಾಪಸು ಪಡೆದಿದೆ ಅಂತ ಒಂದು ಹಾಳೆ ಬರೆದು ಫೈಲಿಗೂ ಹಾಕು. ಹೆಚ್ಚಿಗೆ ಏನೂ ಬೇಡ."

ಇಲ್ಲಿ ನಾನು ತಮ್ಮಿಂದ ಏನನ್ನೂ ಮುಚ್ಚಿಡಬಾರದು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಟ್ಯಾಂಕಿಗೆ ಬರಬಹುದಾಗಿದ್ದ ಅಪಾಯ ತಪ್ಪಿತ್ತು. ನನ್ನ ಸ್ಕ್ರಿಪ್ಟಿನ ಹೆಸರು ಎಲ್ಲಿಯೂ ಬರುವುದಿಲ್ಲ, ನಾಲ್ಕು ವರ್ಷದ ಹಳೆಯ ವರದಿಗಳನ್ನು ಯಾರೂ ತೆಗೆಯುವುದಿಲ್ಲ. ನಾನು ಕುಳಿತು ಆ ಹಾಳೆಯನ್ನು ಬಹಳ ಚೆನ್ನಾಗಿ ಬರೆದೆ. ಫೈಲಿನಲ್ಲಿ ಅದನ್ನು ಸೇರಿಸಬೇಕಾದ ಜಾಗ ಪ್ರಮೀಳಾರ ಹೇಳಿಕೆಯ ಮುಂದಿನದು. ನಮ್ಮ ಫೈಲುಗಳಲ್ಲಿ ಪುಟಕ್ಕೆ ಸಂಖ್ಯೆ ಬಿದ್ದ ಮೇಲೆ ಯಾವ ಹಾಳೆಯನ್ನೂ ತೆಗೆಯುವ ಪದ್ಧತಿ ಇರಲಿಲ್ಲ. ಹೊಸ ಹಾಳೆಯನ್ನು ಸೇರಿಸಬಹುದಿತ್ತು, ಅಷ್ಟೆ. ಪ್ರಮೀಳಾ ಪಕ್ಕದಲ್ಲಿ ನಿಂತು ಎರಡನ್ನೂ ಓದಿದರು.

"ಈ ತಾಂತ್ರಿಕ ಕಾರಣ ಅಂದ್ರೆ ಯಾರು ಸಾರ್?"

ನಾನು ಪುಟದ ಸಂಖ್ಯೆ ಬರೆಯಲು ಪೆನ್ನಿನ ಮುಚ್ಚಳ ತೆಗೆದೆ.

"ಹಿಂದಿನ ಪುಟದಲ್ಲಿ ನಾನು ತಪ್ಪು ಮಾಡಿದೆ ಅಂತ ಉಂಟು. ಈ ಪುಟದಲ್ಲಿ ತಾಂತ್ರಿಕ ಕಾರಣ ಅಂತ ಉಂಟು. ಓದಿದವ್ರು ಎರಡೂ ಸೇರಿಸಿ ಏನು ತಿಳಿತಾರೆ? ನಾನೇ ಆ ಕಾರಣ ಅಂತ ತಾನೇ?"

ಅವರ ಧ್ವನಿ ಏರಿರಲಿಲ್ಲ. ರಾಯರು ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದುದನ್ನು ನಾನು ಆಮೇಲೆ ಗಮನಿಸಿದೆ. ನಾನು ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬೇರೆ ಹಾಳೆ ತೆಗೆದುಕೊಂಡೆ. ಸ್ಕ್ರಿಪ್ಟ್ ಬರೆದವನು ನಾನು, ಪರಿಶೀಲಿಸದೆ ಸರಿಯಿದೆಯೆಂದು ಹೇಳಿದವನು ನಾನು, ಹಿಂದಿನ ಪುಟದ ಹೇಳಿಕೆಯನ್ನು ಬರೆದು ಸಹಿ ಹಾಕಿಸಿದವನೂ ನಾನು, ಪ್ರಮೀಳಾರ ಅಳತೆಗಳೂ ಗ್ರಾಫೂ ಮೊದಲಿನಿಂದ ಸರಿಯಾಗಿದ್ದವು ಎಂದು ಐದು ಸಾಲು ಬರೆದು ಪೂರ್ತಿ ಹೆಸರು ಹಾಕಿದೆ. ನನ್ನ ಸೇವೆಯಲ್ಲಿ ಅಷ್ಟು ಚಿಕ್ಕ ಪತ್ರವನ್ನು ನಾನು ಬರೆದಿರಲಿಲ್ಲ. ರಾಯರು ಬಂದು ಓದಿ, "ಹೇಳಿದಂತೆ ಬರೆದವನು ನೀನು, ಬರೆಸಿದವನು ನಾನು. ನನ್ನ ಸಹಿಗೂ ಇಲ್ಲಿ ಜಾಗ ಬಿಡಬೇಕಾಗಿತ್ತು," ಎಂದು ನನ್ನ ಹೆಸರಿನ ಕೆಳಗೆ ಇಕ್ಕಟ್ಟಿನಲ್ಲೇ ತಮ್ಮ ಸಹಿಯನ್ನೂ ಹಾಕಿದರು.

ಮುಂದೆ ನಡೆದದ್ದನ್ನು ಸಂಕ್ಷಿಪ್ತವಾಗಿ ತಿಳಿಸುತ್ತೇನೆ. ಆರನೇ ಕಂಬದ ಬುಡವನ್ನು ಅಗೆದಾಗ ಹಳೆಯ ಕೆರೆಯ ಅಂಚನ್ನು ಯಾವ ಕಾಲದಲ್ಲೋ ತುಂಬಿದ ಸಡಿಲ ಮಣ್ಣು ಸಿಕ್ಕಿತು. ಅದನ್ನು ಭದ್ರಪಡಿಸಿದ ನಂತರವೇ ಟ್ಯಾಂಕು ತುಂಬಿತು. ನಾಲ್ಕು ವರ್ಷಗಳ ಎಲ್ಲ ವರದಿಗಳ ಗ್ರಾಫುಗಳನ್ನು ನಾವು ಹೊಸದಾಗಿ ತೆಗೆದೆವು. ಎರಡರಲ್ಲಿ ಇದೇ ದೋಷವಿತ್ತು. ಪುಣ್ಯಕ್ಕೆ ಅಪಾಯದ ಮಟ್ಟದಲ್ಲಿರಲಿಲ್ಲ. ಆ ಇಬ್ಬರು ಗ್ರಾಹಕರಿಗೂ ನನ್ನ ಸಹಿಯಲ್ಲೇ ಪತ್ರ ಹೋಯಿತು. ಸ್ಕ್ರಿಪ್ಟಿನ ಪ್ರತಿ ಓಟದ ನಂತರ ಯಾವುದಾದರೂ ಒಂದು ಗ್ರಾಫನ್ನು ಬೇರೊಬ್ಬರು ಕೈಯಿಂದ ಆದೇಶ ಕೊಟ್ಟು ತೆಗೆದು ಹೋಲಿಸಬೇಕೆಂಬ ನಿಯಮ ಬಂದಿತು. ತಾವು ಎಲ್ಲಿಯೇ ಕೆಲಸ ಮಾಡಿ, ಯಾವುದೇ ತಂತ್ರಾಂಶ ಬಳಸಿ, ಇದನ್ನು ಬಿಡಬಾರದೆಂದು ವಿನಂತಿ. ಮುಖ್ಯ ಕಚೇರಿಗೆ ಹೋಗಿದ್ದ ಶಿಫಾರಸನ್ನು ಹಿಂತೆಗೆದುಕೊಳ್ಳಲು ರಾಯರು ಎರಡು ಸಲ ಬರೆದರು. ಮುಖ್ಯ ಕಚೇರಿಯವರು ಆದೇಶ ಹೊರಟಾಗಿದೆಯೆಂದು ಉತ್ತರಿಸಿದರು. ಪ್ರಮೀಳಾರ ನೌಕರಿ ಖಾಯಂ ಆಯಿತು, ಆದರೆ ಜೊತೆಗೆ ಸೇರಿದವರಿಗಿಂತ ಮೂರು ತಿಂಗಳು ತಡವಾಗಿ. ಆ ಮೂರು ತಿಂಗಳು ಅವರ ಸೇವಾ ಪುಸ್ತಕದಲ್ಲಿ ಹಾಗೆಯೇ ಉಳಿದಿದೆ. ಈ ಬರಹವನ್ನು ಬರೆಯಲು ಮುಖ್ಯ ಕಾರಣ ಅದೇ.

ಆ ಶನಿವಾರದ ಬೆಳಿಗ್ಗೆಯನ್ನು ಹೇಳಿ ಮುಗಿಸುತ್ತೇನೆ. ಟ್ಯಾಂಕಿನಿಂದ ನೀರು ಇಳಿಸುವಾಗಲೂ ಕಂಬಗಳ ಅಳತೆ ತೆಗೆಯಬೇಕಿತ್ತು. ಗಿಂಡಿಯಿಂದ ಎರಡು ಬಸ್ಸು ಬದಲಿಸಿ ಪ್ರಮೀಳಾ ಮತ್ತು ನಾನು ಮಾಧವರಂ ತಲುಪಿದೆವು. ಉದ್ಘಾಟನೆಗೆ ಕಟ್ಟಿದ್ದ ತೋರಣ ಹಾಗೆಯೇ ಇತ್ತು. ಕಾರ್ಯದರ್ಶಿಗಳು ನಮ್ಮನ್ನು ಮಾತನಾಡಿಸಲಿಲ್ಲ. ಇಷ್ಟು ವರ್ಷ ಇಂತಹ ಜಾಗಗಳಲ್ಲಿ ಲೆವೆಲ್ ಯಂತ್ರದ ಹಿಂದೆ ನಿಂತು ಅಳತೆ ಓದುತ್ತಿದ್ದವನು ನಾನು, ಕಂಬದ ಬಳಿ ಅಳತೆಕೋಲು ಹಿಡಿಯುತ್ತಿದ್ದವರು ಕಿರಿಯರು. ಅಂದು ನಾನು ಕೋಲು ತೆಗೆದುಕೊಂಡು ಆರನೇ ಕಂಬದ ಬುಡಕ್ಕೆ ಹೋಗಿ ನಿಂತೆ. ತಲೆಯ ಮೇಲೆ ಅಷ್ಟು ನೀರು ನಿಂತಿರುವಾಗ ಅಲ್ಲಿ ನಿಲ್ಲುವುದು ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು.

"ಕೋಲು ನೇರ ಇಲ್ಲ ಸಾರ್," ಎಂದು ಪ್ರಮೀಳಾ ಯಂತ್ರದ ಹಿಂದಿನಿಂದ ಕೂಗಿದರು. "ಸ್ವಲ್ಪ ಎಡಕ್ಕೆ. ಇನ್ನೂ. ಆಂ, ಅಲ್ಲೇ. ಆಡಬೇಡಿ."

ನಾನು ಆಡದೆ ನಿಂತೆ. ಅವರು ಓದಿ, ಪುಸ್ತಕದಲ್ಲಿ ಬರೆದುಕೊಂಡರು.

ತಮ್ಮ ವಿಶ್ವಾಸಿ,
ಮೂರ್ತಿ